ಲೇಖಕರ ಪರವಾಗಿ ಚೌಕಾಸಿಗೆ ಕೂರುವವರು ಯಾರು?

2025ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ ಒಂದು ಪ್ರಸ್ತಾಪವನ್ನು ಜನರ ಮುಂದಿಟ್ಟಿತು. ಎಐ ಕಂಪನಿಗಳು ತಮ್ಮ ಯಂತ್ರಕ್ಕೆ ಭಾಷೆ ಕಲಿಸಲು ಪುಸ್ತಕ, ಲೇಖನ, ಹಾಡುಗಳನ್ನು ಬಳಸಬಹುದು, ಆದರೆ ಹಕ್ಕುದಾರರಿಗೆ ರಾಯಲ್ಟಿ ಕೊಡಬೇಕು ಎನ್ನುವುದು ಅದರ ತಿರುಳು. ಇದನ್ನು ಓದಿದ ಕನ್ನಡದ ಬರಹಗಾರರಲ್ಲಿ ಒಬ್ಬರಿಗೆ ‘ನಮ್ಮ ಪುಸ್ತಕಕ್ಕೂ ದುಡ್ಡು ಬರುತ್ತಂತೆ’ ಅನ್ನಿಸಿದರೆ, ಇನ್ನೊಬ್ಬರಿಗೆ ‘ನಮ್ಮನ್ನು ಕೇಳದೇ ಪುಸ್ತಕ ಎತ್ತಿಕೊಳ್ಳೋಕೆ ಸರ್ಕಾರವೇ ಲೈಸೆನ್ಸ್ ಕೊಟ್ಟಂತಾಯ್ತಲ್ಲ’ ಅನ್ನಿಸುವುದು ಸಹಜ. ಎರಡೂ ಅರ್ಧರ್ಧ ನಿಜ.

ಇನ್ನೊಂದು ವಿಷಯವೂ ಇದೇ ಹೊತ್ತಿಗೆ ಬಂದಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಕಳೆದ ಚುನಾವಣೆ ನಡೆದದ್ದು 2021ರ ನವೆಂಬರ್‌ನಲ್ಲಿ, ಐದು ವರ್ಷದ ಅವಧಿಗೆ. ಆ ಲೆಕ್ಕದಲ್ಲಿ 2026 ಚುನಾವಣೆಯ ವರ್ಷ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಸದಸ್ಯರು ರಾಜ್ಯಾಧ್ಯಕ್ಷರಿಗೂ ಜಿಲ್ಲಾಧ್ಯಕ್ಷರಿಗೂ ಮತ ಹಾಕಬೇಕು. ಎಐ ರಾಯಲ್ಟಿಗೂ ಈ ಚುನಾವಣೆಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. ಹೊಸ ಮಾಧ್ಯಮ ಬಂದಾಗ ಲೇಖಕರ ಪಾಲು ಎಷ್ಟು ಎಂದು ಮೊದಲ ಸಲ ಬರೆಯುವ ಕಾಗದವೇ ಮುಂದಿನ ಹತ್ತಾರು ವರ್ಷ ಉಳಿದುಬಿಡುತ್ತದೆ. ಆ ಕಾಗದ ಬರೆಯುವ ಹೊತ್ತಿನಲ್ಲಿ ಮೇಜಿನ ಈಚೆ ಬದಿ ಯಾರು ಕೂತಿರುತ್ತಾರೆ ಎನ್ನುವುದನ್ನು ತೀರ್ಮಾನಿಸುವುದು ಇಂಥ ಚುನಾವಣೆಗಳೇ. ಇದನ್ನು ತುಂಬಾ ಕಷ್ಟಪಟ್ಟು ಕಲಿತವರು ಅಮೆರಿಕದ ಚಿತ್ರಕಥೆಗಾರರು.

ನೂರು ರೂಪಾಯಿಗೆ 30 ಪೈಸೆ

1980ರ ದಶಕದಲ್ಲಿ ವಿಡಿಯೋ ಕ್ಯಾಸೆಟ್ ಬಂತು. ಅಲ್ಲಿಯವರೆಗೆ ಹಾಲಿವುಡ್ ಲೇಖಕರಿಗೆ ಚಿತ್ರ ಟಿವಿಯಲ್ಲಿ ಮರುಪ್ರಸಾರವಾದರೆ ಒಂದು ಪಾಲು ಸಿಗುತ್ತಿತ್ತು. ಕ್ಯಾಸೆಟ್ ವಿಷಯದಲ್ಲಿ ಸ್ಟುಡಿಯೋಗಳು ಬೇರೆ ರಾಗ ತೆಗೆದವು. ಇದು ಹೊಸ ವ್ಯಾಪಾರ, ಕ್ಯಾಸೆಟ್ ತಯಾರಿಕೆಗೇ ಬಹಳ ಖರ್ಚು, ಲಾಭ ಬರುತ್ತೋ ಇಲ್ಲವೋ ಗೊತ್ತಿಲ್ಲ ಅಂದವು. ಆದ್ದರಿಂದ ಬಂದ ಹಣದಲ್ಲಿ ಶೇ 80ನ್ನು ಮೊದಲೇ ಖರ್ಚಿನ ಬಾಬ್ತು ಎಂದು ಪಕ್ಕಕ್ಕಿಟ್ಟು, ಉಳಿದ ಶೇ 20ರ ಮೇಲೆ ಮಾತ್ರ ಲೇಖಕರ ಪಾಲು ಲೆಕ್ಕ ಹಾಕುವ ಸೂತ್ರ ಮುಂದಿಟ್ಟವು. ಆ ಶೇ 20ರಲ್ಲಿ ಲೇಖಕರಿಗೆ ಶುರುವಿನಲ್ಲಿ ಶೇ 1.5.

ಗುಣಿಸಿ ನೋಡಿ. ಕಂಪನಿಗೆ ನೂರು ರೂಪಾಯಿ ಬಂದರೆ ಲೇಖಕರಿಗೆ 30 ಪೈಸೆ.

ಲೇಖಕರ ಸಂಘವಾದ ರೈಟರ್ಸ್ ಗಿಲ್ಡ್ ಆಫ್ ಅಮೆರಿಕ 1985ರಲ್ಲಿ ಮುಷ್ಕರ ಹೂಡಿತು. ಆದರೆ ಸಂಘದೊಳಗೇ ಒಡಕಿತ್ತು. ಕ್ಯಾಸೆಟ್‌ಗೆ ಇಷ್ಟೆಲ್ಲ ಜಗಳ ಬೇಕಾ, ಇದೇನು ದೊಡ್ಡ ವ್ಯಾಪಾರವಾ ಎನ್ನುವ ಗುಂಪು ಬಲವಾಗಿತ್ತು. ಎರಡು ವಾರದಲ್ಲಿ ಮುಷ್ಕರ ಮುಗಿಯಿತು, ಸೂತ್ರ ಹಾಗೇ ಉಳಿಯಿತು. ಮುಂದೆ ಕ್ಯಾಸೆಟ್ ಹೋಗಿ ಡಿವಿಡಿ ಬಂತು. ಡಿವಿಡಿ ತಯಾರಿಕೆಯ ಖರ್ಚು ಕ್ಯಾಸೆಟ್‌ಗಿಂತ ಎಷ್ಟೋ ಕಡಿಮೆ. ಶೇ 80 ಖರ್ಚು ಎನ್ನುವ ನೆಪಕ್ಕೆ ಯಾವ ಅರ್ಥವೂ ಉಳಿದಿರಲಿಲ್ಲ. ಆದರೂ ಸೂತ್ರ ಬದಲಾಗಲಿಲ್ಲ. ಒಂದು ಡಿವಿಡಿ ಮಾರಾಟವಾದರೆ ಲೇಖಕರಿಗೆ ಸಿಗುತ್ತಿದ್ದದ್ದು ಸುಮಾರು 4 ಸೆಂಟ್. ಸ್ಟುಡಿಯೋಗಳು ಡಿವಿಡಿಯಿಂದ ಕೊಳ್ಳೆ ಹೊಡೆದ ವರ್ಷಗಳವು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. 1985ರಲ್ಲಿ ಯಾರೂ ಮೋಸ ಮಾಡಲಿಲ್ಲ. ಕ್ಯಾಸೆಟ್ ತಯಾರಿಕೆ ನಿಜವಾಗಿಯೂ ದುಬಾರಿಯಾಗಿತ್ತು. ಆದರೆ ‘ಐದು ವರ್ಷದ ನಂತರ ಈ ಸೂತ್ರವನ್ನು ಮತ್ತೆ ನೋಡೋಣ’ ಎನ್ನುವ ಒಂದು ಸಾಲನ್ನು ಬರೆಸಿಕೊಳ್ಳುವ ಬಲ ಸಂಘಕ್ಕೆ ಇರಲಿಲ್ಲ. ಆ ಒಂದು ಸಾಲಿಗೆ ತೆತ್ತ ಬೆಲೆಯೇ ಮುಂದಿನ ಇಪ್ಪತ್ತು ವರ್ಷದ ಜಗಳ.

ಹೊಡೆದಾಡುವವರಾ, ಮಾತಾಡುವವರಾ?

2005ರಲ್ಲಿ ಆ ಸಂಘದ ಪಶ್ಚಿಮ ವಿಭಾಗಕ್ಕೆ ಚುನಾವಣೆ ಬಂತು. ಇಂಟರ್‌ನೆಟ್‌ನಲ್ಲಿ ವಿಡಿಯೋ ನೋಡುವುದು ಆಗಿನ್ನೂ ಆಟದ ಸಾಮಾನಿನಂತೆ ಕಾಣುತ್ತಿದ್ದ ಕಾಲ. ಅಧ್ಯಕ್ಷ ಸ್ಥಾನಕ್ಕೆ ನಿಂತವರಲ್ಲಿ ಪ್ಯಾಟ್ರಿಕ್ ವೆರೋನ್ ಒಬ್ಬರು. ಆ್ಯನಿಮೇಷನ್ ಬರಹಗಾರ. ಸಂಘ ಸುಮ್ನೆ ಒಪ್ಪಂದ ನವೀಕರಿಸುತ್ತಾ ಕೂತರೆ ಸಾಲದು, ಸಂಘದ ಹೊರಗಿರುವ ಬರಹಗಾರರನ್ನು ಒಳಗೆ ತರಬೇಕು, ಮುಂದಿನ ಮಾಧ್ಯಮಕ್ಕೆ ಈಗಲೇ ಬೇಲಿ ಹಾಕಬೇಕು ಎನ್ನುವುದು ಅವರ ತಂಡದ ನಿಲುವು. ಅವರು ಗೆದ್ದರು. ಹಳೆಯ ಕಾರ್ಯನಿರ್ವಾಹಕ ನಿರ್ದೇಶಕರನ್ನು ಬದಲಿಸಿ ಡೇವಿಡ್ ಯಂಗ್ ಅವರನ್ನು ಕೂರಿಸಿದರು. ಈತ ಗಾರ್ಮೆಂಟ್ ಕೆಲಸಗಾರರನ್ನು ಸಂಘಟಿಸಿ ಪಳಗಿದ್ದವರು. ಸಿನಿಮಾದವರ ಪಾರ್ಟಿಗಳಲ್ಲಿ ಕಾಣಿಸುವ ಪೈಕಿ ಅಲ್ಲ.

ಎರಡೇ ವರ್ಷ. 2007ರ ನವೆಂಬರ್ 5ರಂದು ಮುಷ್ಕರ ಶುರುವಾಯಿತು. 2008ರ ಫೆಬ್ರುವರಿ 12ರಂದು ಮುಗಿಯುವ ಹೊತ್ತಿಗೆ ನೂರು ದಿನ ಆಗಿತ್ತು. ಡಿವಿಡಿಯ ಪಾಲು ದುಪ್ಪಟ್ಟು ಮಾಡಿ ಎನ್ನುವ ಬೇಡಿಕೆಯನ್ನು ಕೈಬಿಡಬೇಕಾಯಿತು. ಅದರ ಬದಲು ಸಿಕ್ಕಿದ್ದು, ಇಂಟರ್‌ನೆಟ್‌ಗಾಗಿ ಬರೆದದ್ದೂ ಸಂಘದ ಒಪ್ಪಂದದ ವ್ಯಾಪ್ತಿಗೆ ಬರುತ್ತದೆ ಎನ್ನುವ ಒಪ್ಪಿಗೆ. ಆ ಹೊತ್ತಿಗೆ ನೆಟ್‌ಫ್ಲಿಕ್ಸ್ ಆನ್‌ಲೈನ್ ಪ್ರಸಾರ ಶುರು ಮಾಡಿ ಒಂದು ವರ್ಷವಾಗಿತ್ತು ಅಷ್ಟೇ. ನೂರು ದಿನ ಕೆಲಸ ಕಳೆದುಕೊಂಡು ಇಷ್ಟೇನಾ ತಂದದ್ದು ಎಂದು ಬೈದವರು ಬೇಕಾದಷ್ಟು ಜನ. ಲೇಖಕರಲ್ಲದ ಕೆಲಸಗಾರರು, ಲೈಟ್ ಹಿಡಿಯುವವರು, ಅಡುಗೆಯವರು, ಡ್ರೈವರ್‌ಗಳು ಯಾವ ಲಾಭವೂ ಇಲ್ಲದೆ ಸಂಬಳ ಕಳೆದುಕೊಂಡರು ಎನ್ನುವುದೂ ನಿಜ. ಆ ಸಿಟ್ಟು 2009ರ ಚುನಾವಣೆಯಲ್ಲಿ ಕಾಣಿಸಿತು. ವೆರೋನ್ ಗುಂಪು ಬೆಂಬಲಿಸಿದ ಅಭ್ಯರ್ಥಿ ಸೋತು, ಹಿಂದೆ ಒಮ್ಮೆ ಅಧ್ಯಕ್ಷರಾಗಿದ್ದ, ತಾವೂ ನಿರ್ಮಾಪಕರೇ ಆಗಿದ್ದ ಜಾನ್ ವೆಲ್ಸ್ ಗೆದ್ದರು. 2011ರಲ್ಲಿ ವೆರೋನ್ ಮತ್ತೆ ನಿಂತರು, ಮತ್ತೆ ಸೋತರು.

ಸೋತ ನಾಯಕ ತಂದ ಒಪ್ಪಂದ ಮಾತ್ರ ಉಳಿಯಿತು. ಒಟಿಟಿ ದೊಡ್ಡದಾದಾಗ, ಅದಕ್ಕೆ ಬರೆಯುವವರು ಸಂಘದೊಳಗೇ ಇದ್ದರು. 2023ರಲ್ಲಿ 148 ದಿನದ ಇನ್ನೊಂದು ಮುಷ್ಕರ ಸಾಧ್ಯವಾದದ್ದು ಅದರಿಂದಲೇ. ಆ ಸಲ ಎಐ ಬಗ್ಗೆ ಸ್ಪಷ್ಟ ಷರತ್ತು ಬರೆಸಿಕೊಂಡರು: ಎಐಗೆ ಲೇಖಕನ ಹೆಸರು ಕೊಡುವಂತಿಲ್ಲ, ಎಐ ಬಳಸು ಎಂದು ಲೇಖಕರನ್ನು ಒತ್ತಾಯಿಸುವಂತಿಲ್ಲ, ಕಂಪನಿ ಕೊಟ್ಟ ಸರಕು ಎಐ ತಯಾರಿಸಿದ್ದಾದರೆ ಹೇಳಲೇಬೇಕು. ಸದಸ್ಯರಲ್ಲಿ ಮತ ಹಾಕಿದವರ ಪೈಕಿ ಶೇ 99 ಮಂದಿ ಒಪ್ಪಿದರು.

ನನ್ನ ಪ್ರಕಾರ 2005ರ ಆ ಚುನಾವಣೆಯ ವಿಶೇಷ ವೆರೋನ್ ಒಬ್ಬರಲ್ಲಿ ಇಲ್ಲ. ಸದಸ್ಯರು ಕೇಳಿದ ಪ್ರಶ್ನೆಯಲ್ಲಿದೆ. ‘ಇಂಟರ್‌ನೆಟ್ ಬಗ್ಗೆ ನಿಮ್ಮ ಲೆಕ್ಕ ಏನು’ ಎಂದು ಅಭ್ಯರ್ಥಿಯನ್ನು ಕೇಳುವ ಮತದಾರರು ಅಲ್ಲಿ ಇದ್ದರು.

ಅವರಿಗೆ ಬಲವಿದೆ, ನಮಗೆ ಹಕ್ಕಿದೆ

ಈ ಕಥೆಯನ್ನು ಹಾಗೇ ಎತ್ತಿ ಶಿವಮೊಗ್ಗಕ್ಕೆ ತರಲು ಬರುವುದಿಲ್ಲ. ಹಾಲಿವುಡ್ ಚಿತ್ರಕಥೆಗಾರ ಕಾನೂನಿನ ಕಣ್ಣಿನಲ್ಲಿ ಕಂಪನಿಯ ನೌಕರ. ಬರೆದದ್ದರ ಕಾಪಿರೈಟ್ ಸ್ಟುಡಿಯೋದ್ದು. ನೌಕರನಾದ್ದರಿಂದಲೇ ಅವನಿಗೆ ಸಂಘ ಕಟ್ಟಿ ಒಟ್ಟಾಗಿ ಚೌಕಾಸಿ ಮಾಡುವ ಹಕ್ಕು. ಅದೇ ಅಮೆರಿಕದ ಕಾದಂಬರಿಕಾರರ ಸಂಸ್ಥೆ ಆಥರ್ಸ್ ಗಿಲ್ಡ್ ಈ ರೀತಿ ಚೌಕಾಸಿ ಮಾಡುವಂತಿಲ್ಲ. ಕಾಪಿರೈಟ್ ತಮ್ಮದೇ ಇರುವ ಲೇಖಕರು ಸ್ವತಂತ್ರ ವ್ಯಾಪಾರಿಗಳಿದ್ದ ಹಾಗೆ, ಅವರು ಒಟ್ಟು ಸೇರಿ ದರ ಕಟ್ಟಿದರೆ ಅದು ಪೈಪೋಟಿ ತಡೆದಂತೆ ಎನ್ನುವುದು ಅಲ್ಲಿನ ಕಾನೂನು.

ಕನ್ನಡದ ಕಥೆಗಾರ, ಕವಿ, ಅಂಕಣಕಾರ ಇರುವುದು ಈ ಎರಡನೇ ಸಾಲಿನಲ್ಲಿ. ಪುಸ್ತಕ ತೆರೆದರೆ ಎರಡನೇ ಪುಟದಲ್ಲಿ ‘ಹಕ್ಕುಗಳು: ಲೇಖಕರವು’ ಎಂದು ಇರುತ್ತದೆ. ಹಕ್ಕು ಇದೆ, ಬಲ ಇಲ್ಲ. ಇನ್ನೂರು ರೂಪಾಯಿಯ ಪುಸ್ತಕಕ್ಕೆ ವಾಡಿಕೆಯ ಶೇ 10 ರಾಯಲ್ಟಿ ಎಂದರೆ ಪ್ರತಿಗೆ ಇಪ್ಪತ್ತು ರೂಪಾಯಿ. ಎಷ್ಟೋ ಸಲ ಅದೂ ದುಡ್ಡಾಗಿ ಬರದೆ ಪುಸ್ತಕದ ಪ್ರತಿಗಳಾಗಿ ಬರುತ್ತದೆ. ಲೇಖಕರು ಅವನ್ನು ಚೀಲದಲ್ಲಿಟ್ಟುಕೊಂಡು ಸಮಾರಂಭಗಳಲ್ಲಿ ಹಂಚುತ್ತಾರೆ. ಇಷ್ಟು ಸಣ್ಣ ಮೊತ್ತಕ್ಕೆ ಒಪ್ಪಂದ ಯಾಕೆ ಅನ್ನುವುದು ಎರಡೂ ಕಡೆಯವರ ಭಾವನೆ. ಹಾಗಾಗಿ ಬಾಯಿಮಾತಿನ ಮೇಲೇ ಕೆಲಸ ನಡೆಯುತ್ತದೆ. ಪ್ರಕಾಶಕರೂ ಇದರಿಂದ ಕೋಟಿ ಗಳಿಸುತ್ತಿಲ್ಲ ಬಿಡಿ. ಗ್ರಂಥಾಲಯ ಇಲಾಖೆಯ ಬಿಲ್ಲಿಗೆ ಕಾಯುತ್ತಾ ಕೂತವರೇ ಜಾಸ್ತಿ.

ಮಲೆನಾಡಿನವರಿಗೆ ಈ ಸ್ಥಿತಿ ಅಪರಿಚಿತವೇನಲ್ಲ. ಅಡಿಕೆ ಬೆಳೆಗಾರ ಒಬ್ಬನೇ ಮೂಟೆ ಹೊತ್ತು ಮಂಡಿಗೆ ಹೋದರೆ ವ್ಯಾಪಾರಿ ಹೇಳಿದ್ದೇ ದರ. 1939ರಲ್ಲಿ ಶಿವಮೊಗ್ಗದಲ್ಲಿ ಅಡಿಕೆ ಬೆಳೆಗಾರರ ಮಾರಾಟ ಸಹಕಾರ ಸಂಘ ಮ್ಯಾಮ್ಕೋಸ್ ಹುಟ್ಟಿಕೊಂಡದ್ದು ಅದಕ್ಕೇ. ಅದರ ನಿರ್ದೇಶಕರ ಚುನಾವಣೆ ಬಂದರೆ ಷೇರುದಾರರು ಕೇಳುವುದೇ ರಾಶಿ ಇಡಿ ಅಡಿಕೆಗೆ ಎಷ್ಟು ಕೊಡಿಸ್ತೀರಿ, ಗೊರಬಲು ಅಡಿಕೆಯನ್ನು ಯಾಕೆ ಕಡಿಮೆಗೆ ಎತ್ತುತ್ತಾರೆ, ಮುಂಗಡ ಸಾಲದ ಬಡ್ಡಿ ಎಷ್ಟು ಅಂತ. ತೋಟದ ಲೆಕ್ಕವನ್ನು ಇಷ್ಟು ಖಡಕ್ಕಾಗಿ ಕೇಳುವ ಅದೇ ಮನೆಯವರು ಪುಸ್ತಕ ಬರೆದಾಗ ಪ್ರಕಾಶಕರ ಹತ್ತಿರ ಎಷ್ಟು ಪ್ರತಿ ಅಚ್ಚಾಯಿತು ಅಂತಲೂ ಕೇಳುವುದಿಲ್ಲ. ಸಾಹಿತ್ಯದಲ್ಲಿ ದುಡ್ಡಿನ ಮಾತು ಎತ್ತಿದರೆ ಸಣ್ಣವರಾಗುತ್ತೇವೆ ಎನ್ನುವ ಸಂಕೋಚ ನಮ್ಮಲ್ಲಿ ಗಟ್ಟಿ.

ಪರಿಷತ್ತು ಆ ಕೆಲಸಕ್ಕೆ ಹುಟ್ಟಿದ್ದಲ್ಲ

1915ರಲ್ಲಿ ಶುರುವಾದ ಕನ್ನಡ ಸಾಹಿತ್ಯ ಪರಿಷತ್ತಿಗೆ ಈಗ ಮೂರು ಲಕ್ಷಕ್ಕೂ ಹೆಚ್ಚು ಆಜೀವ ಸದಸ್ಯರಿದ್ದಾರೆ. ಮೇಷ್ಟ್ರುಗಳು, ಬ್ಯಾಂಕಿನವರು, ಕೃಷಿಕರು, ವ್ಯಾಪಾರಿಗಳು, ನಿವೃತ್ತರು. ಸದಸ್ಯರಾಗಲು ಒಂದು ಸಾಲು ಬರೆದಿರಬೇಕೆಂದಿಲ್ಲ, ಕನ್ನಡದ ಮೇಲೆ ಪ್ರೀತಿ ಇದ್ದರೆ ಸಾಕು. ಒಂದು ಭಾಷಾ ಸಂಸ್ಥೆಗೆ ಅದು ಹೆಮ್ಮೆಯ ವಿಷಯವೇ. ಆದರೆ ಇದರ ಪರಿಣಾಮ ನೇರ: ಮತದಾರರಲ್ಲಿ ಬಹುಪಾಲು ಜನರಿಗೆ ರಾಯಲ್ಟಿ ಒಂದು ಸಮಸ್ಯೆಯೇ ಅಲ್ಲ. ಅಭ್ಯರ್ಥಿ ಆ ಮಾತು ಎತ್ತಿದರೆ ಮತ ಬರುವುದಿಲ್ಲ. ಸಮ್ಮೇಳನ ನಮ್ಮ ಊರಿಗೆ ತರುತ್ತೇನೆ, ತಾಲ್ಲೂಕಿಗೊಂದು ಭವನ ಕಟ್ಟಿಸುತ್ತೇನೆ, ದತ್ತಿ ಉಪನ್ಯಾಸ ಹೆಚ್ಚಿಸುತ್ತೇನೆ ಅಂದರೆ ಬರುತ್ತದೆ. 2006ರಲ್ಲಿ ನಿಸಾರ್ ಅಹಮದ್ ಅವರ ಅಧ್ಯಕ್ಷತೆಯಲ್ಲಿ ನಡೆದ 73ನೇ ಸಮ್ಮೇಳನವನ್ನು ಶಿವಮೊಗ್ಗದವರು ಈಗಲೂ ನೆನೆಯುತ್ತಾರೆ. ಅದೇ ವರ್ಷ ಜಿಲ್ಲೆಯ ಲೇಖಕರಿಗೆ ಎಷ್ಟು ರಾಯಲ್ಟಿ ಬಂತು ಅಂತ ಯಾರು ನೆನಪಿಟ್ಟುಕೊಳ್ಳುತ್ತಾರೆ?

ಇನ್ನೊಂದು ತೊಡಕೂ ಇದೆ. ಪರಿಷತ್ತು ತಾನೇ ಪ್ರಕಾಶಕ ಸಂಸ್ಥೆ. ಲೇಖಕರಿಂದ ಪುಸ್ತಕ ಪಡೆದು ಅಚ್ಚು ಮಾಡುವ ಸಂಸ್ಥೆಯೇ ಪ್ರಕಾಶಕರ ಎದುರು ಲೇಖಕರ ವಕಾಲತ್ತು ವಹಿಸುವುದು ಹೇಗೆ?

ಹಾಗಾದರೆ ಬೇರೆ ಯಾರಿದ್ದಾರೆ? 1979ರಿಂದ ಕರ್ನಾಟಕ ಲೇಖಕಿಯರ ಸಂಘ ಇದೆ. ಮಹಿಳೆಯರ ಬರವಣಿಗೆಗೆ ಜಾಗ ಕಟ್ಟಿಕೊಟ್ಟ ಸಂಸ್ಥೆ ಅದು, ದರ ಮಾತಾಡುವುದಕ್ಕೆ ಕಟ್ಟಿದ್ದಲ್ಲ. ಶಿವಮೊಗ್ಗದಲ್ಲೇ 1930ರಲ್ಲಿ ಹುಟ್ಟಿದ ಕರ್ನಾಟಕ ಸಂಘ ವರ್ಷವೂ ಪುಸ್ತಕ ಬಹುಮಾನ ಕೊಡುತ್ತದೆ, ಹೆಗ್ಗೋಡಿನಲ್ಲಿ ನೀನಾಸಮ್ 1949ರಿಂದ ನಾಟಕ, ಓದು, ಚರ್ಚೆ ನಡೆಸಿಕೊಂಡು ಬಂದಿದೆ. ಓದುಗರನ್ನು ತಯಾರಿಸುವುದರಲ್ಲಿ ಮಲೆನಾಡಿಗೆ ಸಾಟಿ ಕಡಿಮೆ. ಆದರೆ ಈ ಯಾವ ಸಂಸ್ಥೆಯೂ ಕಾರ್ಮಿಕ ಸಂಘವಲ್ಲ. ಭಾರತದಲ್ಲಿ ಲೇಖಕರದ್ದೇ ಆದ ನೋಂದಾಯಿತ ಕಾರ್ಮಿಕ ಸಂಘಕ್ಕೆ ಉದಾಹರಣೆ ಬೇಕೆಂದರೆ ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಇದೆ. ಅದು ಸಿನಿಮಾ, ಟಿವಿ, ಒಟಿಟಿ ಬರಹಗಾರರದ್ದು. ಕನಿಷ್ಠ ಸಂಭಾವನೆ ಇರುವ ಒಂದು ಮೂಲ ಒಪ್ಪಂದಕ್ಕಾಗಿ ಬಹುಕಾಲದಿಂದ ಒತ್ತಾಯಿಸುತ್ತಾ ಬಂದಿದೆ.

ಎಐ ಪ್ರಸ್ತಾಪದಲ್ಲಿ ಯಾರ ವಾದ ಏನು

ಈಗ ಡಿಸೆಂಬರ್ ಪ್ರಸ್ತಾಪಕ್ಕೆ ಬರೋಣ. ಅದರ ಪ್ರಕಾರ ಕಾನೂನುಬದ್ಧವಾಗಿ ಕೈಗೆ ಸಿಕ್ಕ ಯಾವುದೇ ಕೃತಿಯನ್ನು ಎಐ ಕಂಪನಿ ತರಬೇತಿಗೆ ಬಳಸಬಹುದು. ಲೇಖಕರು ‘ನನ್ನದು ಬೇಡ’ ಅನ್ನುವಂತಿಲ್ಲ. ‘ನಮ್ಮನ್ನು ಕೇಳದೇ ಎತ್ತಿಕೊಳ್ಳುತ್ತಾರೆ’ ಎನ್ನುವವರ ಸಿಟ್ಟಿಗೆ ಇದೇ ಕಾರಣ. ಇದಕ್ಕೆ ಬದಲಾಗಿ, ಕಂಪನಿ ತನ್ನ ಎಐಯಿಂದ ದುಡ್ಡು ಮಾಡಲು ಶುರು ಮಾಡಿದ ಮೇಲೆ ಆದಾಯದ ಒಂದು ಪಾಲನ್ನು ಕೊಡಬೇಕು. ಪಾಲು ಎಷ್ಟು ಎಂದು ಸರ್ಕಾರ ನೇಮಿಸುವ ಸಮಿತಿ ಹೇಳುತ್ತದೆ. ವಸೂಲಿಗೆ ದೇಶಕ್ಕೆಲ್ಲ ಒಂದೇ ಸಂಸ್ಥೆ. ಹಂಚಿಕೆ ಆಯಾ ಬಗೆಯ ಕೃತಿಗಳ ಹಕ್ಕುದಾರರ ಸಂಘಗಳ ಮೂಲಕ.

ಐಟಿ ಕಂಪನಿಗಳ ಒಕ್ಕೂಟ ನ್ಯಾಸ್‌ಕಾಮ್ ಇದಕ್ಕೆ ಭಿನ್ನಮತ ಬರೆಯಿತು. ತರಬೇತಿಗೆ ವಿನಾಯಿತಿ ಕೊಡಿ, ಬೇಡ ಅನ್ನುವವರು ಹೊರಗುಳಿಯಲಿ ಎನ್ನುವುದು ಅದರ ವಾದ. ಕೇಳಲು ಚೆನ್ನಾಗಿದೆ. ಆದರೆ ಹೊರಗುಳಿಯುತ್ತೇನೆ ಎಂದು ಸೂಚಿಸುವುದು ವೆಬ್‌ಸೈಟ್ ಇರುವ ದೊಡ್ಡ ಪ್ರಕಾಶಕರಿಗೆ ಸುಲಭ, ಹೊಸನಗರದ ಕವಿಗೆ ಅಲ್ಲ. ಪ್ರಕಾಶಕರ ಕಡೆಯವರು ಆಗಲೇ ಕೋರ್ಟಿಗೂ ಹೋಗಿದ್ದಾರೆ. 2024ರ ನವೆಂಬರ್‌ನಲ್ಲಿ ಸುದ್ದಿಸಂಸ್ಥೆ ಎಎನ್‌ಐ ದೆಹಲಿ ಹೈಕೋರ್ಟ್‌ನಲ್ಲಿ ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ಮೇಲೆ ಹೂಡಿದ ದಾವೆಯಲ್ಲಿ ಭಾರತೀಯ ಪ್ರಕಾಶಕರ ಒಕ್ಕೂಟವೂ ಸೇರಿಕೊಂಡಿತು. ಸುದ್ದಿಯವರಿದ್ದಾರೆ, ಪ್ರಕಾಶಕರಿದ್ದಾರೆ, ಕಂಪನಿಗಳಿವೆ. ಪ್ರಾದೇಶಿಕ ಭಾಷೆಯ ಲೇಖಕರ ಕುರ್ಚಿ ಎಲ್ಲಿ?

ಕುರ್ಚಿ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದಲ್ಲೇ ಉದಾಹರಣೆ ಸಿಕ್ಕಿದೆ. ಕಳ್ಳ ಪ್ರತಿಗಳ ತಾಣಗಳಿಂದ ಪುಸ್ತಕ ಇಳಿಸಿಕೊಂಡ ಮೊಕದ್ದಮೆಯಲ್ಲಿ ಎಐ ಕಂಪನಿ ಆಂಥ್ರೊಪಿಕ್ 2025ರಲ್ಲಿ 150 ಕೋಟಿ ಡಾಲರ್ ಕೊಡಲು ಒಪ್ಪಿತು. ಪುಸ್ತಕವೊಂದಕ್ಕೆ ಸುಮಾರು 3,000 ಡಾಲರ್. ಆದರೆ ಅಮೆರಿಕದ ಕಾಪಿರೈಟ್ ಕಚೇರಿಯಲ್ಲಿ, ಗೊತ್ತಾದ ಗಡುವಿನೊಳಗೆ ನೋಂದಣಿಯಾದ ಪುಸ್ತಕಗಳಿಗೆ ಮಾತ್ರ. ಭಾರತದಲ್ಲಿ ಕಾಪಿರೈಟ್‌ಗೆ ನೋಂದಣಿ ಕಡ್ಡಾಯವಲ್ಲ, ಬರೆದ ಕೂಡಲೇ ಹಕ್ಕು ಹುಟ್ಟುತ್ತದೆ. ಹಾಗೆಂದೇ ಇಲ್ಲಿ ಹೆಚ್ಚಿನವರು ನೋಂದಾಯಿಸುವುದಿಲ್ಲ. ಹಕ್ಕು ಇದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ದುಡ್ಡಿಲ್ಲ. ನಮ್ಮ ಡಿಸೆಂಬರ್ ಪ್ರಸ್ತಾಪದಲ್ಲೂ ರಾಯಲ್ಟಿ ಬೇಕಾದವರು ಕೃತಿಯ ವಿವರ ದಾಖಲಿಸಬೇಕು.

ಕಾನೂನಿನಲ್ಲಿ ಇರುವ ಒಂದು ಸಾಲು

1985ರಲ್ಲಿ ಹಾಲಿವುಡ್ ಲೇಖಕರಿಗೆ ಸಿಗದ ಸಾಲೊಂದು ನಮ್ಮ ಕಾನೂನಿನಲ್ಲಿ ಇದೆ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿಯಾಯಿತು. ರಾಜ್ಯಸಭೆಯಲ್ಲಿ ಅದಕ್ಕಾಗಿ ಗಟ್ಟಿಯಾಗಿ ಮಾತಾಡಿದವರು ಗೀತರಚನೆಕಾರ ಜಾವೇದ್ ಅಖ್ತರ್. ಸಿನಿಮಾ ಹಾಡು ಬರೆದವರ ರಾಯಲ್ಟಿಯ ಬಗ್ಗೆ ಆಗ ದೊಡ್ಡ ಸುದ್ದಿಯಾಯಿತು. ಆ ಗದ್ದಲದಲ್ಲಿ 18ನೇ ಸೆಕ್ಷನ್‌ಗೆ ಸೇರಿದ ಇನ್ನೊಂದು ಮಾತನ್ನು ಪುಸ್ತಕದವರು ಅಷ್ಟಾಗಿ ಗಮನಿಸಲಿಲ್ಲ. ಹಕ್ಕು ಬರೆದುಕೊಟ್ಟ ದಿನ ಯಾವ ಮಾಧ್ಯಮ ಇರಲೇ ಇಲ್ಲವೋ ಅಥವಾ ವ್ಯಾಪಾರಕ್ಕೆ ಬಂದಿರಲಿಲ್ಲವೋ, ಆ ಮಾಧ್ಯಮಕ್ಕೆ ಆ ಒಪ್ಪಂದ ಅನ್ವಯಿಸುವುದಿಲ್ಲ. ಅನ್ವಯಿಸಬೇಕಾದರೆ ಒಪ್ಪಂದದಲ್ಲಿ ಆ ಮಾಧ್ಯಮವನ್ನು ನಿರ್ದಿಷ್ಟವಾಗಿ ಹೆಸರಿಸಿರಬೇಕು.

‘ಈಗಿರುವ ಹಾಗೂ ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಲ್ಲಿ, ಜಗತ್ತಿನಾದ್ಯಂತ, ಶಾಶ್ವತವಾಗಿ’ ಎನ್ನುವ ಸಾಲನ್ನು ಒಪ್ಪಂದಗಳಲ್ಲಿ ಕಂಡಿರುತ್ತೀರಿ. ಮೇಲಿನ ಸೆಕ್ಷನ್ ಮುಂದೆ ‘ಮುಂದೆ ಬರಬಹುದಾದ’ ಎನ್ನುವ ಸಾರಾಸಗಟು ಮಾತಿನ ಬಲ ಪ್ರಶ್ನಾರ್ಹ. ಇದು ಕಂಪನಿಗಳ ವಕೀಲರಿಗೂ ಗೊತ್ತು. ಅವರು ಮಾಡುವುದೇನು? ಹೊಸ ಒಪ್ಪಂದದಲ್ಲಿ ಇ-ಬುಕ್, ಆಡಿಯೋ ಬುಕ್, ಪಾಡ್‌ಕಾಸ್ಟ್, ವೆಬ್ ಸರಣಿ, ಎಐ ತರಬೇತಿ ಎಂದು ಒಂದೊಂದನ್ನೂ ಹೆಸರಿಸಿ ಸೇರಿಸುತ್ತಾರೆ. ಆಗ ಸೆಕ್ಷನ್ 18ರ ರಕ್ಷಣೆ ಹೋಯಿತು. ನಾಳೆ ಎಐ ರಾಯಲ್ಟಿ ಬಂದರೂ ಅದು ಹೋಗುವುದು ಹಕ್ಕು ಬರೆಸಿಕೊಂಡವರ ಖಾತೆಗೆ.

19ನೇ ಸೆಕ್ಷನ್ ಕೂಡ ಲೇಖಕರ ಪರವಾಗಿಯೇ ಇದೆ. ಹಕ್ಕು ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಲೇಬೇಕು. ಅವಧಿ ಬರೆಯದಿದ್ದರೆ ಐದೇ ವರ್ಷ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಅಂದರೆ ಬಾಯಿಮಾತಿನಲ್ಲಿ ಕೊಟ್ಟ ನೂರಾರು ಪುಸ್ತಕಗಳ ಹಕ್ಕು ಈಗಲೂ ಲೇಖಕರದ್ದೇ. ಈ ಸೋಮಾರಿತನದಿಂದ ಲಾಭವೂ ಆಗಿದೆ ಅಂತ ತಮಾಷೆಗೆ ಹೇಳಬಹುದು.

ಹಕ್ಕಿನ ಆಯುಸ್ಸು ಲೇಖಕರು ತೀರಿಕೊಂಡ ಮೇಲೆ 60 ವರ್ಷ. ಕುವೆಂಪು 1994ರಲ್ಲಿ ತೀರಿಕೊಂಡರು, ಅವರ ಜೀವಿತದಲ್ಲಿ ಪ್ರಕಟವಾದ ಕೃತಿಗಳ ಹಕ್ಕು 2054ರ ಕೊನೆಯವರೆಗೆ ಇರುತ್ತದೆ. ಪೂರ್ಣಚಂದ್ರ ತೇಜಸ್ವಿಯವರದ್ದು 2067ರವರೆಗೆ. ಇಂಥ ದೊಡ್ಡ ಹೆಸರುಗಳ ಹಕ್ಕು ಯಾರ ಬಳಿ ಇದೆ ಎಂದು ಕಂಡುಹಿಡಿಯುವುದು ಕಷ್ಟವಲ್ಲ. ಎರಡೋ ಮೂರೋ ಪುಸ್ತಕ ತಂದು ತೀರಿಹೋದ ತಾಲ್ಲೂಕು ಮಟ್ಟದ ಲೇಖಕರ ಮಕ್ಕಳಿಗೆ ತಮ್ಮ ಬಳಿ ಹಕ್ಕಿದೆ ಎನ್ನುವುದೇ ಗೊತ್ತಿರುವುದಿಲ್ಲ.

ಡಿಟಿಪಿ ಫೈಲಿನಲ್ಲಿ ಸಿಕ್ಕಿಬಿದ್ದ ಪುಸ್ತಕಗಳು

ದೊಡ್ಡ ಕಾನೂನಿನ ಮಾತು ಒತ್ತಟ್ಟಿಗಿರಲಿ, ಒಂದು ಸಣ್ಣ ತಾಂತ್ರಿಕ ಸಂಗತಿ ನೋಡೋಣ. ಇದೇ ಹೆಚ್ಚು ಕಾಡುವುದು.

ಶಿವಮೊಗ್ಗದ ಯಾವುದಾದರೂ ಹಳೆಯ ಡಿಟಿಪಿ ಅಂಗಡಿಯ ಕಂಪ್ಯೂಟರ್ ತೆರೆದರೆ ಹದಿನೈದು ಇಪ್ಪತ್ತು ವರ್ಷದ ಪುಸ್ತಕಗಳ ಪೇಜ್‌ಮೇಕರ್ ಫೈಲುಗಳು ಸಿಗುತ್ತವೆ. ಎಲ್ಲ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಹೊಡೆದದ್ದು, ಎಲ್ಲ ಯಂತ್ರಗಳೂ ಓದಬಲ್ಲ ಯೂನಿಕೋಡ್ ಎನ್ನುವ ಅಕ್ಷರ ಸಂಕೇತದಲ್ಲಿ ಅಲ್ಲ. ಪರದೆಯ ಮೇಲೆ ಮುದ್ದಾದ ಕನ್ನಡ ಕಾಣುತ್ತದೆ. ಅದರಲ್ಲಿ ಒಂದು ಪ್ಯಾರಾ ಕಾಪಿ ಮಾಡಿ ಮೊಬೈಲಿಗೆ ಕಳಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಯಂತ್ರದ ಪಾಲಿಗೆ ಅದು ಕನ್ನಡವೇ ಅಲ್ಲ. ಇ-ಬುಕ್ ಮಾಡಲು ಬರುವುದಿಲ್ಲ, ಹುಡುಕಿದರೆ ಸಿಗುವುದಿಲ್ಲ. ಕೃತಿ ಎಲ್ಲಿ ಬಳಕೆಯಾಯಿತು ಎಂದು ಎಣಿಸುವ ವ್ಯವಸ್ಥೆ ನಾಳೆ ಬಂದರೆ ಅದರ ಕಣ್ಣಿಗೂ ಬೀಳುವುದಿಲ್ಲ. ಪರಿವರ್ತಿಸುವ ತಂತ್ರಾಂಶಗಳಿವೆ. ಒತ್ತಕ್ಷರ, ಅರ್ಕಾವತ್ತು ಕೆಲವು ಕಡೆ ಕೈಕೊಡುತ್ತವೆ, ಮತ್ತೆ ಕರಡು ತಿದ್ದಬೇಕು.

ಪುಸ್ತಕವೊಂದರ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಕಥೆಯೂ ಹೀಗೇ. ಭಾರತದಲ್ಲಿ ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಅದನ್ನು ಪುಕ್ಕಟೆ ಕೊಡುತ್ತದೆ. ಸ್ವಂತ ಖರ್ಚಿನಲ್ಲಿ ಪುಸ್ತಕ ತರುವ ಲೇಖಕರೂ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಆದರೂ ಅದಿಲ್ಲದೆ ಬರುವ ಪುಸ್ತಕಗಳು ಎಷ್ಟೋ.

ಜಿಲ್ಲಾಧ್ಯಕ್ಷ ಸ್ಥಾನಕ್ಕೆ ನಿಲ್ಲುವವರು ಭವನದ ಬದಲು ಇದನ್ನು ಭರವಸೆಯಾಗಿ ಕೊಡಬಹುದು: ಏಳು ತಾಲ್ಲೂಕಿನ ಪುಸ್ತಕಗಳದ್ದೊಂದು ಹಕ್ಕಿನ ಪಟ್ಟಿ. ಪುಸ್ತಕದ ಹೆಸರು, ವರ್ಷ, ಯಾರ ಬಳಿ ಯಾವ ಹಕ್ಕಿದೆ, ಲೇಖಕರಿಲ್ಲದಿದ್ದರೆ ವಾರಸುದಾರರು ಯಾರು, ಯೂನಿಕೋಡ್ ಫೈಲ್ ಇದೆಯಾ. ಇದಕ್ಕೆ ಬೆಂಗಳೂರಿನ ಅಪ್ಪಣೆಯೂ ಬೇಡ, ಕೋಟಿ ಅನುದಾನವೂ ಬೇಡ. ಕಾಲೇಜಿನ ನಾಲ್ಕು ಹುಡುಗರು, ಒಬ್ಬ ವಕೀಲರು, ಒಂದು ವರ್ಷದ ಶ್ರಮ ಬೇಕು. ವಕೀಲರು ಒಂದು ಮಾದರಿ ಒಪ್ಪಂದವನ್ನೂ ಕನ್ನಡದಲ್ಲಿ ಬರೆದುಕೊಟ್ಟರೆ ಅರ್ಧ ಗೆದ್ದಂತೆ. ಮುದ್ರಣ, ಇ-ಬುಕ್, ಆಡಿಯೋ, ಅನುವಾದ, ಸಿನಿಮಾ, ಎಐ ತರಬೇತಿ ಒಂದೊಂದಕ್ಕೂ ಬೇರೆ ಬೇರೆ ಸಹಿ, ಐದು ವರ್ಷದ ಅವಧಿ.

ಬಹಿಷ್ಕಾರದ ಭರವಸೆ ನಂಬಬೇಡಿ

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಬಗೆಯ ಅಭ್ಯರ್ಥಿಯೂ ಬರಬಹುದು. ‘ರಾಯಲ್ಟಿ ಕೊಡದ ಪ್ರಕಾಶಕರಿಗೆ ಯಾರೂ ಪುಸ್ತಕ ಕೊಡದ ಹಾಗೆ ಮಾಡ್ತೀನಿ’ ಎಂದು ವೇದಿಕೆಯಲ್ಲಿ ಗುಡುಗಿದರೆ ಚಪ್ಪಾಳೆ ಖಂಡಿತ. ಆದರೆ ಕಾನೂನು ಅಡ್ಡ ಬರುತ್ತದೆ. ಡಬ್ಬಿಂಗ್ ತಡೆದ ವಿಷಯದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಮತ್ತು ಟೆಲಿವಿಷನ್ ಅಸೋಸಿಯೇಷನ್ ಮೇಲೆ ದಂಡ ಹಾಕಿತು. ಡಬ್ಬಿಂಗ್ ಬೇಕೋ ಬೇಡವೋ ಎನ್ನುವ ಚರ್ಚೆ ಬೇರೆ. ಸಂಘಗಳು ಒಟ್ಟಾಗಿ ಮಾರುಕಟ್ಟೆಯ ಬಾಗಿಲು ಹಾಕುವಂತಿಲ್ಲ ಎನ್ನುವುದು ಅಲ್ಲಿ ತೀರ್ಮಾನವಾಯಿತು. ಕಂಪನಿ ನೌಕರರಲ್ಲದ ಲೇಖಕರಿಗೂ ಇದೇ ಅಪಾಯ. ಮಾದರಿ ಒಪ್ಪಂದ ಹಂಚಬಹುದು, ಸಲಹೆ ಕೊಡಬಹುದು, ಸದಸ್ಯರ ಪರವಾಗಿ ಕೋರ್ಟಿಗೆ ಹೋಗಬಹುದು, ಸರ್ಕಾರದ ಸಮಿತಿಗೆ ಲಿಖಿತ ಅಭಿಪ್ರಾಯ ಕಳಿಸಬಹುದು. ದರ ಕಟ್ಟಿ ಬಹಿಷ್ಕಾರ ಹಾಕುವುದು ಬೇರೆ ಮಾತು. ಈ ವ್ಯತ್ಯಾಸ ಗೊತ್ತಿಲ್ಲದ ಅಭ್ಯರ್ಥಿ ಗೆದ್ದರೆ ಮೊದಲ ನೋಟಿಸ್ ಬಂದ ದಿನವೇ ತಣ್ಣಗಾಗುತ್ತಾರೆ.

ಮತದಾರರ ಪಟ್ಟಿಯ ಹೊರಗೆ ಇರುವವರು

ವೆರೋನ್ ತಂಡದ ಒಂದು ಸೋಲಿನ ಬಗ್ಗೆ ಹೇಳಬೇಕು. ರಿಯಾಲಿಟಿ ಶೋಗಳಿಗೆ ಕಥೆ ಹೆಣೆಯುವವರನ್ನು ಸಂಘಕ್ಕೆ ತರಲು ಅವರು ಹೊರಟಿದ್ದರು. 2006ರಲ್ಲಿ ಒಂದು ಜನಪ್ರಿಯ ಶೋನ 12 ಮಂದಿ ಸಂಘದ ಮಾನ್ಯತೆ ಬೇಕೆಂದು ಮುಷ್ಕರ ಮಾಡಿದರು. ಶೋ ಅವರಿಲ್ಲದೆಯೇ ನಡೆಯಿತು, ಕೆಲಸ ಹೋಯಿತು. ಮರುವರ್ಷ ದೊಡ್ಡ ಮುಷ್ಕರ ಬಂದಾಗ ಚಾನೆಲ್‌ಗಳು ಖಾಲಿ ಜಾಗಕ್ಕೆ ತುಂಬಿದ್ದು ಏನನ್ನು? ರಿಯಾಲಿಟಿ ಶೋಗಳನ್ನು. ಹೊಸ ಮಾಧ್ಯಮದ ಬರಹಗಾರರು ಸಂಘದ ಹೊರಗೆ ಉಳಿದಷ್ಟೂ ಒಳಗಿರುವವರ ಮಾತಿಗೆ ಬೆಲೆ ಕಡಿಮೆಯಾಗುತ್ತದೆ.

ಇಲ್ಲಿ ಹೊರಗಿರುವವರು ಯಾರು ಎಂದು ಎಣಿಸಿ. ಪ್ರತಿಲಿಪಿ ಎನ್ನುವ ಕಥೆಗಳ ಆ್ಯಪ್‌ನಲ್ಲಿ ಕಂತುಕಂತಾಗಿ ಬರೆಯುವವರು. ಆಡಿಯೋ ಆ್ಯಪ್‌ಗಳಿಗೆ ಸರಣಿ ಬರೆಯುವವರು. ಬೆಂಗಳೂರಿನ ಧಾರಾವಾಹಿ ತಂಡಗಳಿಗೆ ಊರಲ್ಲೇ ಕೂತು ಸಂಭಾಷಣೆ ಬರೆದು ಕಳಿಸುವವರು. ಯಕ್ಷಗಾನಕ್ಕೆ ಹೊಸ ಪ್ರಸಂಗ ಬರೆದು, ಆಟವೆಲ್ಲ ಯೂಟ್ಯೂಬ್‌ನಲ್ಲಿ ಲೈವ್ ಆಗುವುದನ್ನು ನೋಡುವ ಪ್ರಸಂಗಕರ್ತರು. ಇವರಲ್ಲಿ ಎಷ್ಟೋ ಜನ ತಮ್ಮನ್ನು ಸಾಹಿತಿ ಎಂದು ಕರೆದುಕೊಳ್ಳುವುದೂ ಇಲ್ಲ, ಪರಿಷತ್ತಿನ ಕಾರ್ಯಕ್ರಮಗಳಿಗೆ ಅವರನ್ನು ಕರೆಯುವುದೂ ಕಡಿಮೆ. ಆದರೆ ಹೊಸ ಮಾಧ್ಯಮದ ಷರತ್ತುಗಳು ಮೊದಲು ಬಂದು ಬೀಳುವುದು ಇವರ ಮೊಬೈಲಿಗೇ. ಶಿರಾಳಕೊಪ್ಪದಲ್ಲೋ ಕೊಪ್ಪದಲ್ಲೋ ಕೂತು ರಾತ್ರಿ ಹನ್ನೊಂದಕ್ಕೆ ಕಥೆ ಅಪ್‌ಲೋಡ್ ಮಾಡುವ ಹುಡುಗಿ ಇಪ್ಪತ್ತು ಪುಟದ ಇಂಗ್ಲಿಷ್ ಷರತ್ತನ್ನು ಓದದೆ ‘ಒಪ್ಪಿದ್ದೇನೆ’ ಒತ್ತುತ್ತಾಳೆ, ಯಾಕೆಂದರೆ ಒತ್ತದಿದ್ದರೆ ಕಥೆ ಹೋಗುವುದಿಲ್ಲ. ಅಂಥ ಸಾವಿರ ಒಪ್ಪಿಗೆ ಸೇರಿದ ಮೇಲೆ ಅದೇ ವಾಡಿಕೆಯಾಗುತ್ತದೆ. ಆಮೇಲೆ ನಲವತ್ತು ವರ್ಷದಿಂದ ಬರೆಯುತ್ತಿರುವ ಹಿರಿಯರು ತಮ್ಮ ಸಮಗ್ರ ಸಂಪುಟದ ಆಡಿಯೋ ಹಕ್ಕಿನ ಬಗ್ಗೆ ಮಾತಾಡಲು ಕೂತಾಗ, ಎದುರು ಕೂತವರು ಅದೇ ಷರತ್ತಿನ ಹಾಳೆಯನ್ನು ಮುಂದೆ ಸರಿಸಿ ಹೇಳುತ್ತಾರೆ: ‘ಎಲ್ಲರೂ ಇದಕ್ಕೇ ಸಹಿ ಹಾಕಿದ್ದಾರೆ ಸರ್, ನಿಮ್ಮೊಬ್ಬರಿಗೆ ಬೇರೆ ಹೇಗೆ ಮಾಡೋದು?’